ಬೆಳಕಿಂಡಿ ಮುಚ್ಚಿದ ಕೋಣೆ

ನನ್ನ ಹೆಂಡತಿ ಸುಂದರಬಾಯಿ ಜಗಳಕ್ಕೆ ನಿಂತರೆ ನನಗೆ ಚಿಂತೆಯಿಲ್ಲ. ಅವಳು ‘ಆಯ್ತು’ ಎಂದಾಗಲೇ ನಾನು ಹುಷಾರಾಗುವುದು. ಜಗಳವಾಡುತ್ತಿದ್ದಾಳೆಂದರೆ ಮಾತಿಗಿನ್ನೂ ಎಡೆಯಿದೆ. ಆಯ್ತು ಎಂದಳೆಂದರೆ ಮುಗಿಯಿತು, ತನಗೆ ಸರಿ ಕಂಡದ್ದನ್ನೇ ಮಾಡುತ್ತಾಳೆ, ಮಾಡಿದ್ದನ್ನು ಯಾರಿಗೂ ಹೇಳುವುದೂ ಇಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಸೊಸೆ ವಿದ್ಯಾವತಿಗೆ ಇದು ತಿಳಿದಿರಲಿಲ್ಲ. ಅತ್ತೆ ಆಯ್ತು ಎಂದರೆ ತಾನು ಗೆದ್ದೆ ಎಂದುಕೊಳ್ಳುತ್ತಿದ್ದಳು, ಪಾಪ.

ಎಲ್ಲ ಶುರುವಾದದ್ದು ಒಂದು ಕೋಣೆಯಿಂದ. ಮಗಳು ಸೃಷ್ಟಿ ಗೊಬ್ಬೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ನಮ್ಮೂರು ಮಾದನಹಿಪ್ಪರಗಾಕ್ಕೆ ಬರುವವಳಿದ್ದಳು. ವಿದ್ಯಾವತಿಯ ತವರು ಜೇವರ್ಗಿ. ಅಲ್ಲಿ ಅವಳ ಅಕ್ಕ ಹೊಸ ಮನೆ ಕಟ್ಟಿಸಿ ಕಪಾಟು, ಮಂಚ, ಮೇಜು ಎಲ್ಲವನ್ನೂ ಗೋಡೆಗೇ ಕೂಡಿಸಿದ್ದಳಂತೆ. ಅದನ್ನು ನೋಡಿ ಬಂದ ದಿನದಿಂದ ನಮ್ಮ ಮನೆ ಇವಳ ಕಣ್ಣಿಗೆ ಸಂತೆಯಾಗಿ ಕಂಡಿತು. ಸುಳ್ಳೇನಲ್ಲ. ನಮ್ಮಲ್ಲಿ ಸಾಮಾನುಗಳಿಗೂ ಕಾಲಿದ್ದವು. ನೂಲು ಹೆಣೆದ ಹೊರಸು ಬೇಸಿಗೆಗೆ ಅಂಗಳಕ್ಕೆ ಹೋಗಿ ಚಳಿಗೆ ಒಳಗೆ ಬರುತ್ತಿತ್ತು. ಟ್ರಂಕು ಯಾರಿಗೆ ಬೇಕೋ ಅವರ ಮಗ್ಗುಲಿಗೆ, ಬಟ್ಟೆಯೆಲ್ಲ ಹಗ್ಗದ ಮೇಲೆ. ನಡುಮನೆಯ ಪಕ್ಕದ ಕೋಣೆಯನ್ನು ನಾದಿನಿಗೂ ಬರುವ ಕೂಸಿಗೂ ಸಜ್ಜು ಮಾಡಿಯೇ ತೀರುತ್ತೇನೆಂದು ಅವಳು ಪಟ್ಟು ಹಿಡಿದಳು. ಮಗ ಸುನೀಲಕುಮಾರ ಆಳಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಅಲ್ಲಿಂದ ಜಹೀರುದ್ದೀನ ಮಿಸ್ತ್ರಿಯನ್ನು ಕರೆತಂದ.

ಕೋಣೆ ಚೆಂದವಾಯಿತು, ಒಪ್ಪಲೇಬೇಕು. ಒಂದು ಗೋಡೆಗೆ ನೆಲದಿಂದ ಮೇಲಿನವರೆಗೆ ಕಪಾಟು. ಎದುರು ಗೋಡೆಗೆ ಮಂಚ, ಮಂಚದ ಕೆಳಗೆಲ್ಲ ಡ್ರಾವರು. ತಲೆಗಡೆ ಕೂಸಿಗೆಂದೇ ಸುತ್ತ ಹಲಗೆಯ ತಡೆಯಿದ್ದ ಪುಟ್ಟ ಗೂಡು, ಅದರಲ್ಲಿ ಹಳದಿ ಮೆತ್ತೆ. ನಾಳೆ ಕೂಸು ಅಂಬೆಗಾಲಿಡುವಾಗ ಹಣೆ ಬಡಿಯಬಾರದೆಂದು ಎಲ್ಲ ಮೂಲೆಗಳನ್ನೂ ದುಂಡಗೆ ತಿಕ್ಕಿಸಿದ್ದಳು. ತನಗಲ್ಲ, ನಾದಿನಿಗೆ. ಇಷ್ಟು ಅಕ್ಕರೆಯ ಸೊಸೆಯನ್ನು ನಾನು ನಮ್ಮ ಓಣಿಯಲ್ಲಿ ಬೇರೆ ಕಾಣೆ. ಬಾಯಿ ಮಾತ್ರ ಸ್ವಲ್ಪ ಜೋರು, ಅದಕ್ಕೆ ಸರಿಜೋಡಿ ಅತ್ತೆ.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಒಳಕೋಣೆಗೆ ಕಿಟಕಿ ಇರುವುದಿಲ್ಲ. ಬೆಳಕು, ಗಾಳಿ ಎರಡೂ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದಲೇ ಬರಬೇಕು. ಅದರಿಂದ ಧೂಳೂ ಬರುತ್ತದೆ, ಮಳೆಯೂ ಬರುತ್ತದೆ, ಪಾರಿವಾಳದ ಹಿಕ್ಕೆಯೂ ಬೀಳುತ್ತದೆ. ಹೊಸ ಮಂಚದ ಮೇಲೆ ಹಿಕ್ಕೆ ಬಿದ್ದರೆ ಹೇಗೆ? ಮಿಸ್ತ್ರಿ ತುಕ್ಕು ಹಿಡಿದ ಕಂಬಿ ಕಿತ್ತು, ಮೇಲೆ ತಗಡು ಹಾಸಿ, ಅಂಚಿಗೆ ಸಿಮೆಂಟು ಮೆತ್ತಿದ. ಕೆಳಗೆ ಬಿಳಿ ಪಿಓಪಿ ಚಾವಣಿ ಬಂತು. ಮಳೆಗಾಲಕ್ಕೆ ನಿಚ್ಚಣಿಕೆ ಹತ್ತಿ ಬೆಳಕಿಂಡಿಗೆ ಗಡಿಗೆ ಬೋರಲು ಹಾಕುವ ಕೆಲಸ ತಪ್ಪಿತೆಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ.

ಬಾಗಿಲು ಮಾತ್ರ ಹಳೆಯದು ಉಳಿಯಿತು. ನಮ್ಮಜ್ಜ ಕಳ್ಳರ ಭಯಕ್ಕೆ ಮಾಡಿಸಿದ ಸಾಗವಾನಿ ಬಾಗಿಲು. ಅದರ ಕೆತ್ತನೆ ವಿದ್ಯಾವತಿಗೆ ಹಿಡಿಸಿತ್ತು. ಪಾಲಿಶ್ ಹೊಡೆಸಿ, ಎಳೆದರೆ ತಾನಾಗಿ ಬೀಳುವ ಹೊಸ ಕೀಲಿ ಹಾಕಿಸಿದಳು. ಕೀಲಿಕೈಗೂ ಕಪಾಟಿನ ಪಕ್ಕದಲ್ಲಿ ಸಣ್ಣದೊಂದು ಗೂಡು. ಈ ಕೋಣೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಜಾಗ ಇದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಹಗಲೆಲ್ಲ ಪರದೆ ಇಳಿಬಿಟ್ಟಿರುತ್ತಿದ್ದರಿಂದ ಆ ಬಾಗಿಲನ್ನು ಎಳೆದು ಮುಚ್ಚಿದವರೇ ಇರಲಿಲ್ಲ.

ಜಾಗ ಇಲ್ಲದ್ದು ಹೊರಸಿಗೆ. ಗುಜರಿಯವನಿಗೆ ಕೊಟ್ಟುಬಿಡೋಣ ಎಂದು ವಿದ್ಯಾವತಿ ಹೇಳಿದಾಗ ಸುಂದರಬಾಯಿ ಜಗಳವಾಡಲಿಲ್ಲ. ಆಯ್ತವ್ವ ಎಂದಳು. ಸೃಷ್ಟಿ ಹೆಣ್ಣು ಕೂಸನ್ನೆತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಕೊಟ್ಟಿಗೆಯಲ್ಲಿ ದನಕ್ಕೆ ಒಟ್ಟಿದ ಜೋಳದ ಕಣಿಕೆಯ ಹಿಂದಿನಿಂದ ಹೊರಸು ಹೊರಗೆ ಬಂತು, ಹೊಸ ನೂಲು ಹೆಣೆಸಿಕೊಂಡು. ನಾನು ಬಾಯಿ ಮುಚ್ಚಿಕೊಂಡು ಅದರ ಒಂದು ಕಡೆ ಹಿಡಿದೆ.

ಹೊರಸಿಲ್ಲದೆ ಬಾಣಂತನ ಆಗುವುದಿಲ್ಲ ಎನ್ನುವುದು ಸುಂದರಬಾಯಿಯ ವಾದ. ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡ ಇಟ್ಟರೆ ನೂಲಿನ ಸಂದಿಯಿಂದ ಕಾವು ಏರಿ ಬಾಣಂತಿಯ ಸೊಂಟಕ್ಕೆ ತಾಗುತ್ತದೆ. ಡ್ರಾವರಿನ ಮಂಚಕ್ಕೆ ಕೆಂಡ ಎಲ್ಲಿ ಇಡಬೇಕು? ಹೀಗೆ ಕಪಾಟಿಗೂ ಮಂಚಕ್ಕೂ ನಡುವೆ ಉಳಿದ ಕಿರಿದಾದ ಜಾಗದಲ್ಲಿ ಹೊರಸು ಸೇರಿಕೊಂಡಿತು. ಮೊದಲ ದಿನಗಳಲ್ಲಿ ಕುಳ್ಳು, ಕಟ್ಟಿಗೆ ಹಾಕಿ ಕಾಯಿಸಿದಳು. ಪರದೆ ಸರಿಸಿಟ್ಟರೂ ಹೊಗೆ ಮೇಲೇರಿ ಬಿಳಿ ಚಾವಣಿ ಮಾಸಿತು, ವಿದ್ಯಾವತಿಯ ಮುಖವೂ ಮಾಸಿತು. ಇನ್ನು ಮುಂದೆ ಆ ಕೋಣೆಯಲ್ಲಿ ಹೊಗೆ ಕೂಡದು ಎಂದು ಸೊಸೆ ಹೇಳಿದಳು. ಅತ್ತೆ ಆಯ್ತು ಎಂದಳು. ಮರುದಿನ ಬಂದದ್ದು ಇದ್ದಲಿ. ಕೆಂಪಗೆ ನಿಗಿನಿಗಿ ಉರಿಯುವ, ಒಂದೆಳೆ ಹೊಗೆಯೂ ಇಲ್ಲದ ಇದ್ದಲಿ. ಇಬ್ಬರೂ ಗೆದ್ದಂತಾಯಿತು, ನನಗೂ ನೆಮ್ಮದಿಯಾಯಿತು.

ಆ ಮುಂಜಾನೆ ಚಳಿಗಾಳಿ ಜೋರಾಗಿತ್ತು. ಎರೆಯುವ ಚಾಂದಬೀ ಬಂದು ತಾಯಿಗೂ ಕೂಸಿಗೂ ನೀರು ಹಾಕಿ ಹೋದಳು. ವಿದ್ಯಾವತಿ ಕೂಸಿಗೆ ಕುಂಚಿಗೆ ಕಟ್ಟಿ ಗೂಡಿನ ಹಳದಿ ಮೆತ್ತೆಯ ಮೇಲೆ ಮಲಗಿಸಿ, ಫೋಟೋ ತೆಗೆದು ಗೊಬ್ಬೂರಿಗೆ ಅಳಿಯ ಅರುಣಕುಮಾರನಿಗೆ ಕಳಿಸಿದಳು. ಸುಂದರಬಾಯಿ ಕಂಡಳು. ನಾನು ಹೊರಗೆ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದೆ, ಕಿವಿ ಒಳಗಿತ್ತು.

“ತೊಟ್ಟಿಲಕ್ಕ ಹಾಕೋತನಾ ಕೂಸು ತಾಯಿ ಮಗ್ಗಲಾಗೇ ಇರಬೇಕು.”

“ಇದು ತೊಟ್ಟಿಲಲ್ರಿ ಅತ್ತಿ, ಹಾಸಿಗಿ. ಸೃಷ್ಟಿಗಿ ನಿದ್ದಿಗಣ್ಣು, ಹೊರಸಿನ ಮ್ಯಾಲಿಂದ ಕೂಸು ಉರುಳಿದ್ರ ಯಾರು ನೋಡ್ತಾರ?”

ಮಾತಿಗೆ ಮಾತು ಬೆಳೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ನಮ್ಮಲ್ಲಿ ಆ ಕೆಲಸವನ್ನೂ ಅತ್ತೆ ಸೊಸೆಯರೇ ವಹಿಸಿಕೊಂಡಿದ್ದರು. ಎರೆದುಕೊಂಡ ಮೈಯ ಸೃಷ್ಟಿ, ನನಗೆ ಮಲಗಲು ಬಿಡಿರೆಂದು ಬೇಡಿಕೊಂಡಳು. ಆಗ ಸುಂದರಬಾಯಿಯ ದನಿ ತಣ್ಣಗಾಯಿತು.

“ಆಯ್ತವ್ವ. ನಿನ್ನ ಮನಸಿನಂಗೇ ಆಗ್ಲಿ.”

ಪೇಪರು ಕೆಳಗಿಟ್ಟು ಒಂದು ಗಳಿಗೆ ಒಳಗೆ ನೋಡಿದೆ. ವಿದ್ಯಾವತಿ ಗೆದ್ದ ಮುಖ ಹೊತ್ತು ಹಿತ್ತಲ ಕಡೆ ಅಡುಗೆಮನೆಗೆ ಹೋದಳು. ಸುಂದರಬಾಯಿ ಶೇಗಡಿ ತುಂಬ ಕೆಂಡ ತೆಗೆದುಕೊಂಡು ಕೋಣೆಗೆ ಹೋದಳು. ತುಸು ಹೊತ್ತಿಗೆ ಹೊರಬಂದು, ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲನ್ನೇ ಎಳೆದುಕೊಂಡಳು. ಟಕ್ಕೆಂದಿತು. ಅಂಟಿನ ಉಂಡೆಗೆ ಉತ್ತತ್ತಿ, ಕೊಬ್ಬರಿ ತರುತ್ತೇನೆಂದು ಚೀಲ ಹಿಡಿದು ಬಸ್‌ ನಿಲ್ದಾಣದ ಅಂಗಡಿಗಳ ಕಡೆ ಹೋದಳು. ಮೊಬೈಲನ್ನು ಎಂದಿನಂತೆ ಚಾರ್ಜಿಗೆ ಹಚ್ಚಿ ಮನೆಯಲ್ಲೇ ಬಿಟ್ಟಿದ್ದಳು.

ಚಹಾ ಬಂತು, ಕುಡಿದೆ. ಪೇಪರು ಮುಗಿಯಿತು. ಎದುರುಮನೆಯ ದೇವಿಂದ್ರಪ್ಪ ಪೇಪರು ಒಯ್ಯಲು ಬಂದವನು, ನಿಮ್ಮ ಮೊಮ್ಮಗಳು ಇವತ್ತು ಓಣಿಗೆ ದನಿ ಕೇಳಿಸಲಿಲ್ಲವಲ್ಲ ಎಂದು ನಗೆಯಾಡಿದ. ನಾನೂ ನಕ್ಕೆ. ನಕ್ಕವನು ಎದ್ದು ನಿಂತೆ. ಆ ಕೂಸು ಹಸಿದರೆ ಓಣಿಯ ಕೊನೆಗೆ ಕೇಳಿಸುತ್ತದೆ. ಹಸಿಯುವ ಹೊತ್ತು ಯಾವಾಗಲೋ ಆಗಿಹೋಗಿತ್ತು.

ಒಳಗೆ ಹೋಗಿ ವಿದ್ಯಾವತಿಯನ್ನು ಕೇಳಿದೆ. ಕಾವಿಗೆ ಹಾಯಾಗಿ ಮಲಗಿರಬೇಕು, ಎಬ್ಬಿಸಬೇಡಿ ಎಂದಳು. ಕೋಣೆಯ ಹೊಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿದೆ. ಇದ್ದಲಿಗೆ ಹೊಗೆ ಎಲ್ಲಿಯದು ಎಂದಳು. ಬಾಗಿಲು ತಟ್ಟಿದೆ. ಸೃಷ್ಟಿ ಎಂದು ಕೂಗಿದೆ. ದನಿ ಏರಿಸಿ ಮತ್ತೆ ಕೂಗಿದೆ. ಬಾಗಿಲ ಸಂದಿಗೆ ಮುಖ ಹಚ್ಚಿದರೆ ಬಿಸಿ ಗಾಳಿ ಬಡಿಯಿತು, ಇಸ್ತ್ರಿ ಅಂಗಡಿಯ ವಾಸನೆ.

ನನ್ನ ತಲೆಗೆ ಬಂದದ್ದು ಹಗೇವು. ಹಿಂದೆ ನಾವು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದೆವು. ಅದನ್ನು ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಡಬೇಕು, ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ದುಡುಕಿ ಇಳಿದವರನ್ನು ಹಗ್ಗ ಹಾಕಿ ಎತ್ತಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅವರ ಮುಖ ಮಲಗಿದವರ ಮುಖದ ಹಾಗೆಯೇ ಇತ್ತು. ಕಿಟಕಿಯಿಲ್ಲದ ಕೋಣೆ, ಮುಚ್ಚಿದ ಬೆಳಕಿಂಡಿ, ಶೇಗಡಿ ತುಂಬ ಕೆಂಡ. ನಾವೆಲ್ಲ ಸೇರಿ ಮನೆಯೊಳಗೇ ಹಗೇವು ಮಾಡಿ, ಬಾಣಂತಿಯನ್ನು ಅದರಲ್ಲಿ ಮಲಗಿಸಿದ್ದೆವು.

ಕೀಲಿಕೈ ತಾ ಎಂದೆ. ಓಡಲು ಹೊರಟ ವಿದ್ಯಾವತಿ ಎರಡು ಹೆಜ್ಜೆಗೆ ನಿಂತುಬಿಟ್ಟಳು. ಕೀಲಿಕೈ ಅದರ ಜಾಗದಲ್ಲೇ ಇತ್ತು, ಕೋಣೆಯ ಒಳಗೆ. ಇನ್ನೊಂದು ಆಳಂದದಲ್ಲಿ, ಸುನೀಲಕುಮಾರನ ಜೇಬಿನಲ್ಲಿ. ದೇವಿಂದ್ರಪ್ಪ ಹಿತ್ತಲಿನಿಂದ ಒರಳುಗುಂಡು ಹೊತ್ತು ತಂದು ಬಾಗಿಲಿಗೆ ಅಪ್ಪಳಿಸಿದ. ಅಜ್ಜನ ಬಾಗಿಲು ಕದಲಲಿಲ್ಲ. ಅವನು ಅಪ್ಪಳಿಸುತ್ತಲೇ ಇದ್ದ, ನಾನು ಹಾರೆ ಹಿಡಿದು ಅಂಗಳಕ್ಕೆ ಓಡಿದೆ. ಮೊಣಕಾಲು ನೋವಿನವನು ನಾನು. ನಿಚ್ಚಣಿಕೆ ಹೇಗೆ ಹತ್ತಿದೆನೋ ಗೊತ್ತಿಲ್ಲ.

ಮಾಳಿಗೆಯ ಮೇಲೆ ಸಿಮೆಂಟಿನ ಅಂಚಿಗೆ ಹಾರೆ ಹಾಕಿ ಮೀಟಿದೆ. ತಗಡು ಕಿರುಗುಟ್ಟಿ ಎದ್ದಿತು. ಕೆಳಗೆ ಕತ್ತಲ ಸಂದು, ಅದರಡಿ ಬಿಳಿ ಚಾವಣಿಯ ಬೆನ್ನು. ಒಂದು ಪೆಟ್ಟು ಹಾಕಿದರೆ ಸಾಕು. ಹಾರೆ ಎತ್ತಿದವನು ಹಾಗೇ ನಿಂತೆ. ಈ ಬೆಳಕಿಂಡಿಯ ನೇರ ಕೆಳಗೆ ಏನಿದೆ ಎನ್ನುವುದು ನೆನಪಾಯಿತು. ಮಂಚದ ತಲೆಗಡೆ. ಕೂಸಿನ ಗೂಡು.

ಪಿಓಪಿ ಮೆಲ್ಲಗೆ ಒಡೆಯುವ ವಸ್ತುವಲ್ಲ. ಕೂಡಿಸುವಾಗ ನೋಡಿದ್ದೆ, ಒಂದು ಕಡೆ ಬಿರುಕು ಬಿಟ್ಟರೆ ಹಲಗೆಗೆ ಹಲಗೆಯೇ ಕಳಚಿ ಬೀಳುತ್ತದೆ. ಹುಟ್ಟಿ ವಾರವೂ ತುಂಬದ ಕೂಸಿನ ನೆತ್ತಿ ಇನ್ನೂ ಮಿದು.

ವಿದ್ಯಾವತಿ ಬಾವಿಯ ಹಗ್ಗ ಹೊತ್ತು ನಿಚ್ಚಣಿಕೆ ಹತ್ತಿ ಬಂದಿದ್ದಳು. ಕೂಸು ಎಲ್ಲಿದೆ ಎಂದು ಕೇಳಿದೆ. ಅವಳಿಗೂ ನನ್ನ ಕಾಲಬಳಿಯ ಕಿಂಡಿ ಎಲ್ಲಿಗೆ ಬರುತ್ತದೆಂದು ಆಗಲೇ ಹೊಳೆಯಿತು. ಬಂದು ಹಾರೆ ಹಿಡಿದುಕೊಂಡಳು.

“ಒಡೀಬ್ಯಾಡ್ರಿ ಮಾವಾರ. ನಾ ಗೂಡಿನ್ಯಾಗ ಮಲಗಿಸಿ ಬಂದೇನ್ರಿ. ಅತ್ತಿ ಭೀ ಆಯ್ತು ಅಂದಾರ, ಅಲ್ಲೇ ಅದ ಕೂಸು.”

ಕೆಳಗೆ ಒರಳುಗುಂಡಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುಂದರಬಾಯಿಯನ್ನು ಹುಡುಕಿ ಕೇಳಿಬರುವಷ್ಟು ಹೊತ್ತು ಕೋಣೆಯೊಳಗಿನ ಇಬ್ಬರಿಗಿರಲಿಲ್ಲ. ಒಡೆಯದಿದ್ದರೆ ಇಬ್ಬರೂ ಹೋಗುತ್ತಾರೆ. ಒಡೆದರೆ, ಕೂಸು ಅಲ್ಲಿದ್ದರೆ, ಅಜ್ಜನ ಕೈಯಿಂದಲೇ ಹೋಗುತ್ತದೆ. ಅಷ್ಟು ಹೆದರಿಕೆ ನನಗೆ ಅದಕ್ಕೂ ಮುಂಚೆ ಆಗಿಲ್ಲ, ಆಮೇಲೂ ಆಗಿಲ್ಲ.

ಸುಂದರಬಾಯಿಯ ಆಯ್ತುಗಳನ್ನೆಲ್ಲ ನೆನೆದೆ. ಹೊಲದ ಬೇವು ಕಡಿಯಲು ಆಯ್ತು ಎಂದಳು, ಬೇವು ಇನ್ನೂ ನಿಂತಿದೆ. ಹೊರಸು ಮಾರಲು ಆಯ್ತು ಎಂದಳು. ಒಂದೇ ಒಂದು ಸಲವಾದರೂ ಆಯ್ತು ಎಂದದ್ದನ್ನು ಮಾಡಿದ್ದಾಳೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಇವತ್ತೇ ಮೊದಲ ಸಲ ಆಗಿದ್ದರೆ?

“ನಿಮ್ಮತ್ತಿ ಆಯ್ತು ಅಂದಾಳ,” ಎಂದೆ. “ಅಂದ್ರ ಕೂಸು ಅಲ್ಲಿಲ್ಲ. ಕೈ ಬಿಡು ವಿದ್ಯಾ.”

ಅವಳು ನನ್ನ ಮುಖ ನೋಡಿದಳು. ಕೈ ಬಿಟ್ಟಳು. ನಾನು ಹೊಡೆದೆ.

ಚಾವಣಿ ಒಮ್ಮೆಲೇ ಕುಸಿಯಿತು. ಬಿಳಿ ಧೂಳು, ಅದರ ಹಿಂದೆ ಬಿಸಿ ಉಸಿರು ಮೇಲೆ ಬಂತು. ಕೆಳಗಿನಿಂದ ಅಳುವಿಲ್ಲ, ಕೂಗಿಲ್ಲ. ಬಗ್ಗಿ ನೋಡಿದರೆ ಧೂಳು ಬಿಟ್ಟು ಏನೂ ಕಾಣಲಿಲ್ಲ. ಕಿಂಡಿಯಲ್ಲಿ ನನ್ನ ಮೈ ಹಿಡಿಯುವುದಿಲ್ಲ. ಹೇಳುವ ಮೊದಲೇ ವಿದ್ಯಾವತಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದಳು. ಹಗೇವಿಗೆ ಇಳಿಯುವವರಿಗೆ ಹೇಳುವುದನ್ನೇ ಹೇಳಿದೆ, ಉಸಿರು ಕಟ್ಟು, ಕಣ್ಣು ಕತ್ತಲಿಟ್ಟರೆ ಹಗ್ಗ ಜಗ್ಗು. ಹೆದರದವಳೇನಲ್ಲ, ಹಲ್ಲು ಕಟಕಟ ಎನ್ನುತ್ತಿದ್ದವು. ಆದರೂ ಇಳಿದಳು. ತಾನೇ ಮಾಡಿಸಿದ ಮಂಚದ ಮೇಲೆ ಅವಳ ಕಾಲು ಊರಿದ್ದು ಹಗ್ಗ ಸಡಿಲಾದಾಗ ನನಗೆ ತಿಳಿಯಿತು.

ಅವಳು ಮೊದಲು ಬಾಗಿಲಿಗೆ ಹೋಗಲಿಲ್ಲ. ಚೂರುಗಳನ್ನು ಕೈಯಿಂದ ಬಗೆಯುವ ಸದ್ದು ಕೇಳಿತು. ಬಗೆದಳು, ಬಗೆದಳು. ನಾನು ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಬಸವಣ್ಣನನ್ನು ಕರೆಯುತ್ತಿದ್ದೆ.

“ಇಲ್ಲಿಲ್ರಿ ಮಾವಾರ,” ಎಂದಳು ಕೆಳಗಿನಿಂದ. “ಗೂಡಿನ್ಯಾಗ ಕೂಸಿಲ್ಲ.”

ಆಮೇಲೆ ಕೀಲಿ ತೆರೆದ ಸದ್ದಾಯಿತು.

ನಾನು ಕೆಳಗಿಳಿದು ಬರುವಷ್ಟರಲ್ಲಿ ದೇವಿಂದ್ರಪ್ಪ ಸೃಷ್ಟಿಯನ್ನು ಹೊರಸು ಸಮೇತ ಅಂಗಳಕ್ಕೆ ಎಳೆದಿದ್ದ. ಅವಳ ಮುಖ ಕೆಂಪಾಗಿತ್ತು, ಕೈಕಾಲು ಸೋತಿದ್ದವು. ಗಾಳಿ ಬಡಿದಾಗ ನರಳಿ, ಮಗ್ಗುಲಾಗಿ ಕಾರಿಕೊಂಡಳು. ಕಾರಿಕೊಂಡದ್ದನ್ನು ಕಂಡು ಅಷ್ಟು ಸಂತೋಷಪಟ್ಟ ತಂದೆ ಬೇರೆ ಇರಲಿಕ್ಕಿಲ್ಲ. ಕೂಸು ವಿದ್ಯಾವತಿಯ ಮಡಿಲಲ್ಲಿತ್ತು, ಮೆತ್ತಗೆ, ಅಲುಗಾಡದೆ. ಅವಳು ಅಂಗಾಲು ತಿಕ್ಕಿದಳು, ಬೆನ್ನು ತಿಕ್ಕಿದಳು, ಹೆಸರಿಲ್ಲದ ಕೂಸನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಯವ್ವಾ ಯವ್ವಾ ಎಂದಳು. ಅವಳ ತಲೆ, ಹುಬ್ಬು, ಸೆರಗು ಎಲ್ಲ ಬಿಳಿ ಧೂಳು. ಆ ಧೂಳೇ ಮೂಗಿಗೆ ಹೋಯಿತೋ ಏನೋ, ಕೂಸು ಸೀನಿತು. ಇನ್ನೊಮ್ಮೆ ಸೀನಿತು. ಆಮೇಲೆ ಬಾಯಿ ತೆರೆದು ಅತ್ತಿತು, ಓಣಿಯ ಕೊನೆಗೆ ಕೇಳುವ ಹಾಗೆ.

ಆಂಬುಲೆನ್ಸ್ ಬಂದು ನಿಂತಾಗ ಸುಂದರಬಾಯಿ ಉತ್ತತ್ತಿಯ ಚೀಲ ಹಿಡಿದು ಓಣಿಯ ತಿರುವಿನಲ್ಲಿ ಕಾಣಿಸಿದಳು. ಚೀಲ ಅಲ್ಲೇ ಬಿತ್ತು. ಆಳಂದದ ಆಸ್ಪತ್ರೆಯಲ್ಲಿ ತಾಯಿಗೂ ಕೂಸಿಗೂ ಆಕ್ಸಿಜನ್ ಹಚ್ಚಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ನಾನು ಮುಗಿಸಗೊಡಲಿಲ್ಲ. ಸುನೀಲಕುಮಾರ ಅಂಗಡಿ ಮುಚ್ಚಿ ಬಂದ, ಅರುಣಕುಮಾರ ಗೊಬ್ಬೂರಿನಿಂದ ಬಂದ. ಇಬ್ಬರೂ ಯಾರನ್ನು ಬೈಯಬೇಕೆಂದು ತಿಳಿಯದೆ ನಮ್ಮ ಮೂವರ ಮುಖವನ್ನೂ ನೋಡಿದರು.

ತಾಯಿ ಕೂಸು ಇಬ್ಬರೂ ಗುಣವಾಗಿ ಮನೆಗೆ ಬಂದ ದಿನವೇ ಸುಂದರಬಾಯಿ ಅದಾದ ಮೇಲೆ ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟದ್ದು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಗೂಡಿನ ತುಂಬ ಚಾವಣಿಯ ಚೂರುಗಳು, ನಡುವೆ ವಿದ್ಯಾವತಿ ಬಗೆದ ಕುಳಿ, ಅದರ ತಳದಲ್ಲಿ ಹಳದಿ ಮೆತ್ತೆ. ಸೊಸೆಯ ಬೆನ್ನು ತಿರುಗಿದ ಕೂಡಲೇ ಕೂಸನ್ನೆತ್ತಿ ತಾಯಿಯ ಮಗ್ಗುಲಿಗೆ ಹಾಕಿದ್ದೆನೆಂದು ಅವಳು ಹೇಳಿದಳು. ಅದನ್ನು ಹೇಳುವಾಗ ಹೆಮ್ಮೆಯಿರಲಿಲ್ಲ. ಹೊರಸು ಇದ್ದ ಜಾಗದಲ್ಲಿ ಕೆಂಡವೆಲ್ಲ ಬೂದಿಯಾದ ಶೇಗಡಿಯನ್ನು ನೋಡುತ್ತ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಹೊಗೆಯ ಮಾತಿಗೆ ಅವತ್ತು ಆಯ್ತು ಎನ್ನದೆ ಜಗಳವಾಡಿದ್ದರೆ ಇದ್ದಲಿ ಬರುತ್ತಲೇ ಇರಲಿಲ್ಲ ಎಂದಳು. ಬೆಳಕಿಂಡಿ ಮುಚ್ಚದಿದ್ದರೆ ಹೊಗೆಯ ಮಾತೇ ಬರುತ್ತಿರಲಿಲ್ಲ ಎಂದು ವಿದ್ಯಾವತಿಯೂ ಅತ್ತಳು. ಮುಚ್ಚಿದಾಗ ಹಿಗ್ಗಿದವನು ನಾನು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ವಿದ್ಯಾವತಿ ಕಣ್ಣೊರಸಿಕೊಂಡು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತಳು.

“ಅತ್ತಿ, ಇನ್ನ ಮ್ಯಾಲ ನನಗ ಆಯ್ತು ಅನಬ್ಯಾಡ್ರಿ. ಬೈರಿ, ಜಗಳಾ ಮಾಡ್ರಿ, ಬೇಕಾದ್ರ ಹೊಡೀರಿ. ಆಯ್ತು ಅಂತ ಮಾತ್ರ ಅನಬ್ಯಾಡ್ರಿ.”

ಸುಂದರಬಾಯಿ ಬಾಯಿ ತೆರೆದಳು. ಯಾವ ಮಾತು ನಾಲಿಗೆಯ ತುದಿಗೆ ಬಂತೆಂದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ನುಂಗಿಕೊಂಡು ಸೊಸೆಯ ಧೂಳು ಬಡಿದ ಮಂಚವನ್ನೂ, ತಲೆಯ ಮೇಲೆ ಆಕಾಶ ಕಾಣುವ ಕಿಂಡಿಯನ್ನೂ ದಿಟ್ಟಿಸಿದಳು.

“ಮೊದಲ ಆ ಬಾಗಿಲದ ಕೀಲಿ ಕಿತ್ತಿ ಒಗಿ,” ಎಂದಳು. “ಆಮ್ಯಾಲ ಈ ಮಂಚದ ಮಾತು ಮಾಡಾಮ. ನನಗ ಇದು ಸೇರಂಗಿಲ್ಲ.”

ಮಂಚ ಇರಲೇಬೇಕು, ಡ್ರಾವರು ತೆಗೆಸಿ ಕೆಳಗೆ ಖಾಲಿ ಬಿಡಿಸುತ್ತೇನೆ ಎಂದು ವಿದ್ಯಾವತಿ ದನಿ ಏರಿಸಿದಳು. ಅತ್ತೆಯ ದನಿ ಅದಕ್ಕಿಂತ ಮೇಲೇರಿತು. ನಡುಮನೆಯಲ್ಲಿ ಸೃಷ್ಟಿ ಕೂಸಿನ ಕಿವಿ ಮುಚ್ಚಿ ನಗುತ್ತಿದ್ದಳು. ಹೊರಗೆ ಮೋಡವೇನೂ ಇರಲಿಲ್ಲ. ಆದರೂ ನಾನು ಬೆಳಕಿಂಡಿಗೆ ಬೇಕಾಗುವ ಗಡಿಗೆ ಹುಡುಕಲು ಕೊಟ್ಟಿಗೆಗೆ ಹೋದೆ.